ಆಟದ ದಫ್ತರಕ್ಕೆ ಒಂದು ತಿದ್ದುಪಡಿ

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟದ ಅಧಿಕಾರಿವರ್ಗವು 2024ರ ಮೇ ತಿಂಗಳ ಕೊನೆಯಲ್ಲಿ ತನ್ನ ಅಧಿಕೃತ ದಾಖಲೆಗಳನ್ನು ತಿದ್ದಿ ಪ್ರಕಟಿಸಿತು. 1920ರಿಂದ 1948ರವರೆಗೆ ಕರಿಯ ಆಟಗಾರರು ಪ್ರತ್ಯೇಕವಾಗಿ ಆಡಿದ ಏಳು ಲೀಗುಗಳ ಅಂಕಿಗಳು ಅಂದು ಮುಖ್ಯ ದಫ್ತರವನ್ನು ಸೇರಿದವು. ಅವುಗಳನ್ನು ನೀಗ್ರೋ ಲೀಗುಗಳೆಂದೇ ಕರೆಯುತ್ತಿದ್ದರು. ಹೋಮ್‌ಸ್ಟೆಡ್ ಗ್ರೇಸ್ ತಂಡದ ಜಾಷ್ ಗಿಬ್ಸನ್ ಜೀವಮಾನದ ಹೊಡೆತದ ಸರಾಸರಿಯಲ್ಲಿ ಸಾವಿರ ಸರದಿಗೆ 372ರಂತೆ ಪ್ರಥಮಸ್ಥಾನಕ್ಕೇರಿದ. ಬಹುಕಾಲ ಅಲ್ಲಿ ವಿರಾಜಿಸಿದ್ದ ಟೈ ಕಾಬ್‌ನ 367 ಎರಡನೆಯದಾಯಿತು. ಗಿಬ್ಸನ್ ತೀರಿಕೊಂಡು ಆಗಲೇ 77 ವರ್ಷಗಳು ಸಂದಿದ್ದವು.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನನ್ನು ಸೆಳೆದದ್ದು ಆ ಆಟಕ್ಕಿಂತ ಹೆಚ್ಚಾಗಿ ಅದರ ಲೆಕ್ಕ ಬರೆಯುವ ಕ್ರಮ. ಒಂದು ಪಂದ್ಯದ ಸಮಸ್ತ ವೃತ್ತಾಂತವನ್ನೂ ಅಂಗೈಯಗಲದ ಕೋಷ್ಟಕವೊಂದರಲ್ಲಿ ಅಡಗಿಸುವ ಪದ್ಧತಿ ಅಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಪತ್ರಿಕೆಗಳಿಗೆ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್ ಎಂಬಾತ ಅದಕ್ಕೆ ರೂಪ ಕೊಟ್ಟವರಲ್ಲಿ ಅಗ್ರಗಣ್ಯ. 'ಬಾಕ್ಸ್ ಸ್ಕೋರ್' ಎಂದು ಅದರ ಹೆಸರು. ಅದರ ಸೊಗಸು ಇರುವುದು ತನ್ನ ಸತ್ಯವನ್ನು ತಾನೇ ಪರೀಕ್ಷಿಸಿಕೊಳ್ಳುವುದರಲ್ಲಿ. ದಾಂಡು ಹಿಡಿದು ಬಂದವರ ಸರದಿಗಳು ಎಷ್ಟೋ, ರನ್ ಗಳಿಸಿದವರು, ಔಟಾದವರು, ಸುತ್ತು ಮುಗಿದಾಗ ಬೇಸುಗಳಲ್ಲೇ ಉಳಿದವರು, ಇವರೆಲ್ಲರ ಮೊತ್ತವೂ ಅಷ್ಟೇ ಆಗಬೇಕು. ಶೆಟ್ಟರ ಅಂಗಡಿಯ ಜಮಾಖರ್ಚಿನಂತೆ ತಾಳೆಬೀಳದಿದ್ದರೆ ಬರೆದವನು ಎಲ್ಲಿಯೋ ಎಡವಿದ್ದಾನೆಂದು ಅರ್ಥ.

ಆದರೆ ಅಚ್ಚಾಗದ ಕೋಷ್ಟಕ ಏನನ್ನು ತಾಳೆಹಾಕೀತು? ಕರಿಯರ ಪಂದ್ಯಗಳನ್ನು ಬಿಳಿಯರ ದೊಡ್ಡ ಪತ್ರಿಕೆಗಳು ಬಹುಮಟ್ಟಿಗೆ ಉಪೇಕ್ಷಿಸಿದವು. ಪಿಟ್ಸ್‌ಬರ್ಗ್ ಕೂರಿಯರ್, ಷಿಕಾಗೊ ಡಿಫೆಂಡರ್ ಮೊದಲಾದ ಕರಿಯರ ವಾರಪತ್ರಿಕೆಗಳು ಸ್ಥಳ ಸಿಕ್ಕಿದಷ್ಟನ್ನು ಅಚ್ಚುಹಾಕಿದವು. ಶ್ರದ್ಧಾವಂತ ಸಂಶೋಧಕರು ದಶಕಗಳ ಕಾಲ ಈ ಹಳೆಯ ಹಾಳೆಗಳನ್ನು ಜಾಲಾಡಿ ಕೋಷ್ಟಕಗಳನ್ನು ಹೆಕ್ಕಿದ ಫಲವಾಗಿಯೇ ಇಂದಿನ ತಿದ್ದುಪಡಿ ಸಾಧ್ಯವಾಯಿತು. ಹಾಗಿದ್ದೂ ದೊರೆತಿರುವುದು ಮುಕ್ಕಾಲು ಪಾಲಿನಷ್ಟು ಮಾತ್ರವೆಂದು ಆಗ ಅಂದಾಜು ಮಾಡಲಾಯಿತು.

ಇದಕ್ಕೆ ಆಕ್ಷೇಪಗಳೂ ಎದ್ದವು. ಬಿಳಿಯರು ಋತುವಿಗೆ 154 ಪಂದ್ಯ ಆಡುತ್ತಿದ್ದಾಗ ಕರಿಯರ ಲೀಗಿನ ಪಂದ್ಯಗಳು ಅದರ ಅರ್ಧದಷ್ಟಿದ್ದುದೂ ಅಪರೂಪ. 1943ರಲ್ಲಿ ಗಿಬ್ಸನ್ ಗಳಿಸಿದ 466ರ ಸರಾಸರಿಯನ್ನು ಬಿಳಿಯರ ಅಂಕಿಯೊಡನೆ ತೂಗುವುದು ಸರಿಯೇ ಎಂದು ಕೆಲವರ ವಾದ. ಇದು ನನಗೆ ಒಪ್ಪಿಗೆಯಾಗದು. ಲೀಗಿನ ಪಂದ್ಯಗಳಿಂದ ಹೊಟ್ಟೆ ತುಂಬದೆ ಆ ತಂಡಗಳು ಊರೂರು ಅಲೆದು ಪ್ರದರ್ಶನ ಪಂದ್ಯಗಳನ್ನಾಡಿದವು; ಹಾಗೆ ಅಲೆಯುವ ಗತಿಯನ್ನು ತಂದದ್ದು ಕರಿಯರಿಗೆ ಬಾಗಿಲು ಮುಚ್ಚಿದವರೇ. ಮಹಾಮಾರಿಯ ದೆಸೆಯಿಂದ 2020ರಲ್ಲಿ ಮೇಜರ್ ಲೀಗ್ ತಂಡಗಳು ಅರುವತ್ತೇ ಪಂದ್ಯಗಳನ್ನಾಡಿದಾಗ ಆ ಋತುವನ್ನು ದಫ್ತರದಿಂದ ಹೊರಗಿಟ್ಟರೇ?

ನನ್ನ ಅತೃಪ್ತಿ ಬೇರೆಯದು. ಓಲೆಗರಿಯನ್ನು ಗೆದ್ದಲು ತಿಂದೆಡೆಯಲ್ಲಿ ಗ್ರಂಥಸಂಪಾದಕನು ಚುಕ್ಕಿಗಳನ್ನಿಡುತ್ತಾನೆ. ಅಲ್ಲಿ ಏನೋ ಇತ್ತೆಂದು ಓದುಗನಿಗೆ ತಿಳಿಯುತ್ತದೆ. ಅಂಕಿಗಳ ಪಟ್ಟಿಯಲ್ಲಿ ಅಂಥ ಚುಕ್ಕಿಗಳಿಗೆ ಎಡೆಯಿಲ್ಲ. ಕೂಪರ್ಸ್‌ಟೌನಿನ ಕೀರ್ತಿಮಂದಿರದ ಫಲಕವು ಗಿಬ್ಸನ್ ಎಲ್ಲ ಬಗೆಯ ಪಂದ್ಯಗಳಲ್ಲೂ ಸೇರಿ ಸುಮಾರು ಎಂಟುನೂರು ಹೋಮ್ ರನ್ ಹೊಡೆದನೆಂದು ಸಾರುತ್ತದೆ. ಅಧಿಕೃತ ದಫ್ತರದ ಲೆಕ್ಕ ಇನ್ನೂರನ್ನೂ ಮುಟ್ಟದು. ಈ ಎರಡರ ನಡುವಣ ಅಂತರಕ್ಕೆ ಪಟ್ಟಿಯಲ್ಲಿ ಒಂದು ಗುರುತಾದರೂ ಬೇಕಿತ್ತು. ಗಿಬ್ಸನ್ ಸತ್ತದ್ದು 1947ರ ಜನವರಿಯಲ್ಲಿ, ಮೂವತ್ತೈದರ ಪ್ರಾಯದಲ್ಲಿ. ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದಲ್ಲಿ ಕಾಲಿಟ್ಟು ವರ್ಣದ ಅಡ್ಡಗೋಡೆಯನ್ನು ಒಡೆದದ್ದು ಅದೇ ಏಪ್ರಿಲ್ 15ರಂದು.

ತಿದ್ದುಪಡಿಯನ್ನು ಕಣ್ಣಾರೆ ಕಂಡ ಹಿರಿಯರೂ ಇದ್ದರು. ವಿಲಿ ಮೇಸ್ 1948ರಲ್ಲಿ ಹದಿನೇಳರ ಹುಡುಗನಾಗಿ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ ಆಡಿದ್ದ. ಆ ಋತುವಿನ ಹತ್ತು ಹೊಡೆತಗಳು ಕೂಡಿ ಅವನ ಜೀವಮಾನದ ಮೊತ್ತ 3,293 ಆಯಿತು. ಮೂರು ವಾರ ಕಳೆದು, ಜೂನ್ 18ರಂದು, ತೊಂಬತ್ತಮೂರು ವರ್ಷದ ಮೇಸ್ ಕಣ್ಣುಮುಚ್ಚಿದ.