ಸಬ್ಬಕ್ಕಿ ಗಂಜಿ ಮತ್ತು ಸೋಲ್-ಜೆಲ್

ಸೇಲಂ-ಧರ್ಮಪುರಿ ಕಡೆಯ ಮಕ್ಕಳಿಗೆ ಸಬ್ಬಕ್ಕಿ ಹೊಸದಲ್ಲ. ಮರಗೆಣಸು ತುಂಬಿದ ಲಾರಿಗಳನ್ನು ದಿನಾ ನೋಡುವವರು. ಸೇಲಂ ಸಬ್ಬಕ್ಕಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಕಲಿಲದ ಪಾಠ ಬಂತೆಂದರೆ ನಾವು ಸಬ್ಬಕ್ಕಿಯನ್ನು ಅಡುಗೆಮನೆಯಲ್ಲೇ ಬಿಟ್ಟು "ಪ್ರಸರಣ ಮಾಧ್ಯಮ" ಎಂದು ಬೋರ್ಡಿನ ಮೇಲೆ ಬರೆದು ಉರು ಹೊಡೆಸುತ್ತೇವೆ. ತಪ್ಪು ನಮ್ಮದೇ.

ಸೋಲ್-ಜೆಲ್ ರಸಾಯನವನ್ನೇ ನೋಡಿ. (ಸೋಲ್ ಎಂದರೆ ಸೋಲೇ ಸಾರ್ ಎಂದು ಮಕ್ಕಳು ನಗುತ್ತಾರೆ, ನಗಲಿ.) ಸಿಲಿಕಾನ್ ಪರಮಾಣುವಿಗೆ ನಾಲ್ಕು ಕೈ. ನಾಲ್ಕರಲ್ಲೂ ಈಥಾಕ್ಸಿ ಗುಂಪು ಹಿಡಿದಿರುವ ದ್ರವಕ್ಕೆ ನೀರು, ತುಸು ಆಮ್ಲ ಸೇರಿಸಿದರೆ ಆ ಗುಂಪುಗಳು ಆಲ್ಕೋಹಾಲಾಗಿ ಕಳಚಿಕೊಳ್ಳುತ್ತವೆ. ಬಿಡುವಾದ ಕೈಗಳು ಆಕ್ಸಿಜನ್ ಮೂಲಕ ಒಂದನ್ನೊಂದು ಹಿಡಿಯುತ್ತವೆ. ಮೊದಲು ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳು, ಅದು ಸೋಲ್. ಆ ಕಣಗಳು ಪಾತ್ರೆ ತುಂಬ ಬಲೆ ಹೆಣೆದರೆ ಜೆಲ್. ಫ್ರಾನ್ಸಿನ ಎಬೆಲ್ಮೆನ್ 1840ರ ದಶಕದಲ್ಲೇ ಇಂಥದ್ದನ್ನು ಕಂಡಿದ್ದ. ಕುಲುಮೆಯ ಗಾಜಿಗೆ ಸಾವಿರ ಡಿಗ್ರಿ ದಾಟಬೇಕು, ಇಲ್ಲಿ ಕೋಣೆಯ ಶಾಖವೇ ಸಾಕು. ಹಾಗಾಗಿ ಒಂದು ಕೈಗೆ ನೀರಿಗೆ ಜಗ್ಗದ ಇಂಗಾಲದ ಗುಂಪನ್ನು ಕಟ್ಟಿದರೂ ಅದು ಸುಟ್ಟುಹೋಗುವುದಿಲ್ಲ. ಗಾಜಿನ ಗಡಸು, ಪ್ಲಾಸ್ಟಿಕ್ಕಿನ ಬಾಗು ಒಂದೇ ವಸ್ತುವಿನಲ್ಲಿ! ಇದೇ ಸಾವಯವ-ನಿರವಯವ ಸಂಕರ. ಪ್ಲಾಸ್ಟಿಕ್ ಕನ್ನಡಕಕ್ಕೆ ಗೀರು ಬೀಳದಂತೆ ಬಳಿಯುವ ಲೇಪಗಳಲ್ಲಿ ಇಂಥವು ಇವೆ. ಹೈದರಾಬಾದಿನ ಎಆರ್‌ಸಿಐ ಸಂಸ್ಥೆಯಲ್ಲಿ ಸೋಲ್-ಜೆಲ್ ಲೇಪಗಳಿಗೆಂದೇ ಒಂದು ಕೇಂದ್ರವಿದೆ.

ಇದನ್ನು ಸಬ್ಬಕ್ಕಿಯಿಂದ ಶುರುಮಾಡಬಹುದು. ಗಂಜಿ ಆರಿದಾಗ ನೀರು ಹರಿಯದೆ ನಿಲ್ಲುತ್ತದಲ್ಲ, ಬಲೆ ಎಂದರೇನೆಂದು ಅಲ್ಲೇ ತಿಳಿಯುತ್ತದೆ. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದೂ ಹೇಳಬೇಕು. ಗಂಜಿಯ ಬಲೆಯಲ್ಲಿರುವುದು ದುರ್ಬಲ ಹೈಡ್ರೋಜನ್ ಬಂಧ, ಸಿಲಿಕಾ ಬಲೆಯಲ್ಲಿ ಗಟ್ಟಿ ಸಹವೇಲೆನ್ಸೀಯ ಬಂಧ. ಹಾಗೆಯೇ ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಅರೆಯುತ್ತಿದ್ದ ಹಳೆಯ ಗಾರೆ ಸೋಲ್-ಜೆಲ್ ಅಲ್ಲ, ಆದರೆ ಸಾವಯವವನ್ನೂ ಸುಣ್ಣವನ್ನೂ ಬೆರೆಸಿದ ಅದೇ ಬುದ್ಧಿ.

ಇನ್ನು ಪದದ ಜಗಳ. ಸೋಲ್, ಜೆಲ್‌ಗಳಿಗೆ ಸಂಸ್ಕೃತದಿಂದ ಹೊಸ ಪದ ಕಟ್ಟಬೇಕೆನ್ನುವ ಗೆಳೆಯರಿದ್ದಾರೆ. ನಾವು ಒಪ್ಪುವುದಿಲ್ಲ. 2006ರ ಕಾಯ್ದೆಯ ಮೇಲೆ ನಮ್ಮ ಮಕ್ಕಳು ತಮಿಳನ್ನೂ ಓದಲೇಬೇಕು, ಹತ್ತರ ಆಚೆ ಬಹುಪಾಲು ಇಂಗ್ಲಿಷೋ ತಮಿಳೋ. ಎಲ್ಲ ಕಡೆ ನಡೆಯುವ ಪದವನ್ನು ನಾವೇ ಕಿತ್ತುಕೊಂಡರೆ ಪ್ಲಸ್ ಒನ್ ತರಗತಿಯಲ್ಲಿ ಪೆದ್ದರಂತೆ ಕೂರುವವರು ಅವರೇ ತಾನೆ? ತಮಿಳರು ಕಲಿಲಕ್ಕೆ 'ಕೂಳ್ಮಂ' ಎನ್ನುತ್ತಾರೆ. ಬೇರು 'ಕೂಳ್', ಅಂದರೆ ಅಂಬಲಿ; ನಮ್ಮ 'ಕೂಳು' ಪದದ ಒಡಹುಟ್ಟು. 'ಕಲಿಲ'ಕ್ಕಿಂತ ಅದೇ ನಮ್ಮ ಮಕ್ಕಳಿಗೆ ಹತ್ತಿರ ಅನ್ನಿಸುತ್ತದೆ. ಪಠ್ಯಪುಸ್ತಕದ ಪದ ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಪರೀಕ್ಷೆಯಲ್ಲಿ ಕಲಿಲವೇ ಇರಲಿ. ಪಾಠದ ದಿನ ಒಂದು ಲೋಟ ಸಬ್ಬಕ್ಕಿ ಗಂಜಿ ತರಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.