ಬಾವಿಗೆ ಮರೆವಿಲ್ಲ

ನೀರಿನ ಗುಣವನ್ನು ನಮ್ಮ ಹಿರಿಯರು ಕಣ್ಣು, ಮೂಗು, ನಾಲಗೆಗಳಿಂದ ಅಳೆಯುತ್ತಿದ್ದರು. ತಿಳಿಯಾಗಿದ್ದು, ವಾಸನೆಯಿಲ್ಲದೆ, ಬಾಯಿಗೆ ಸಿಹಿಯೆನಿಸಿದರೆ ಅದು ಒಳ್ಳೆಯ ನೀರು. ಈ ಅಳತೆಗೋಲು ಇಂದು ಸಾಲದು. ಬಣ್ಣವೂ ವಾಸನೆಯೂ ರುಚಿಯೂ ಇಲ್ಲದ ಕಲುಷವೊಂದು ನಮ್ಮ ಅಂತರ್ಜಲವನ್ನು ಸೇರುತ್ತಿದೆ. ಅದೇ ನೈಟ್ರೇಟ್.

ಹಾಸನ ಜಿಲ್ಲೆಯ ಅರಕಲಗೂಡು ಸೀಮೆಗೆ ಹೇಮಾವತಿ, ಕಾವೇರಿ ಎರಡೂ ನದಿಗಳ ಸಾನ್ನಿಧ್ಯವಿದೆ. ಆದರೂ ಹೊಳೆಯಿಂದ ದೂರವಿರುವ ಹಳ್ಳಿಗಳು ಬಹುಕಾಲ ನಂಬಿದ್ದು ಬಾವಿ, ಕೊಳವೆಬಾವಿಗಳನ್ನೇ. ಆಲೂಗಡ್ಡೆ, ಹೊಗೆಸೊಪ್ಪು, ಮುಸುಕಿನ ಜೋಳ, ಶುಂಠಿ ಇಲ್ಲಿನ ಬೆಳೆಗಳು. ಇವುಗಳಿಗೆ ಸಾರಜನಕ ಬೇಕು. ಅದಕ್ಕಾಗಿ ರೈತನು ಯೂರಿಯಾ ಹಾಕುತ್ತಾನೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಬೇರು ಹೀರಿದಷ್ಟು ಬೆಳೆಗಾಯಿತು. ಉಳಿದುದನ್ನು ಮಣ್ಣು ಹಿಡಿದಿಡಲಾರದು. ಅದು ಮಳೆನೀರಿನೊಡನೆ ಕೆಳಗಿಳಿದು ಅಂತರ್ಜಲವನ್ನು ಸೇರುತ್ತದೆ. ಗೊಬ್ಬರವೊಂದನ್ನೇ ದೂರುವುದು ನ್ಯಾಯವಲ್ಲ. ಬಾವಿಯ ಪಕ್ಕದ ತಿಪ್ಪೆಗುಂಡಿ, ಶೌಚಗುಂಡಿ, ನಿಂತ ಚರಂಡಿಗಳೂ ಇದೇ ಕೆಲಸ ಮಾಡುತ್ತವೆ.

ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ, ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳ ಪೈಕಿ ಶೇಕಡ 48ರಲ್ಲಿ ಈ ಮಿತಿ ಮೀರಿತ್ತು. ಇದರ ಮೊದಲ ಪೆಟ್ಟು ಬೀಳುವುದು ಹಸುಗೂಸಿನ ಮೇಲೆ. ಇಂಥ ನೀರಿನಲ್ಲಿ ಕಲಸಿದ ಹಾಲುಪುಡಿಯನ್ನು ಕುಡಿದ ಶಿಶುವಿನ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು, ಮೈ ನೀಲಿಗಟ್ಟುತ್ತದೆ. ಅಮೆರಿಕದ ಅಯೋವಾ ಸಂಸ್ಥಾನದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿಯೇ ಬಾವಿನೀರಿಗೂ ಈ ವ್ಯಾಧಿಗೂ ಇರುವ ನಂಟನ್ನು ತೋರಿಸಿಕೊಟ್ಟನು.

ಕಾಯಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಕಾಯಿಸಿದರೆ ರೋಗಾಣುಗಳು ಸಾಯುವುದು ನಿಜ. ಆದರೆ ನೈಟ್ರೇಟ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿರುವ ಸೂಕ್ಷ್ಮ ಪೊರೆಯು ನೈಟ್ರೇಟನ್ನು ಬಹುಮಟ್ಟಿಗೆ ತಡೆಯುತ್ತದೆ. ಇಂದಿನ ಬಾಯಾರಿಕೆಗೆ ಅದು ಅವಶ್ಯವೇ. ಆದರೆ ಘಟಕ ಶುದ್ಧಗೊಳಿಸುವುದು ಬಿಂದಿಗೆಯನ್ನು, ಬಾವಿಯನ್ನಲ್ಲ. ಘಟಕ ಬಂದಿತೆಂದು ನೆಲವನ್ನು ಮರೆಯುವುದು, ಸೋರುವ ಮಾಳಿಗೆಯ ಕೆಳಗೆ ಪಾತ್ರೆಯಿಟ್ಟು ನಿಶ್ಚಿಂತೆಯಿಂದ ಮಲಗಿದಂತೆ.

ಗೊಬ್ಬರವಿಲ್ಲದೆ ರೈತನು ಬದುಕುವುದೆಂತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದುದೇ. ಆದರೆ ಗೊಬ್ಬರವನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಮಣ್ಣನ್ನು ಪರೀಕ್ಷಿಸಿ, ಬೆಳೆಯ ಪ್ರಾಯವನ್ನರಿತು, ಒಮ್ಮೆಗೇ ಸುರಿಯದೆ ಕಂತುಕಂತಾಗಿ ಹಾಕಿದರೆ ಸಾಕು. ನೆಲಕ್ಕಿಳಿದುಹೋದ ಗೊಬ್ಬರ ರೈತನ ಹಣವೇ ತಾನೆ? ಇಲ್ಲಿ ಅವನ ಲಾಭವೂ ಊರಿನ ಆರೋಗ್ಯವೂ ಒಂದೇ ದಾರಿಯಲ್ಲಿವೆ.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದಿತು. ಅದು ವಿವೇಕದ ಮಾತು. ವಿದ್ಯಾರ್ಥಿಗಳೂ ತಮ್ಮ ಊರಿನ ನೀರಿನ ಪರೀಕ್ಷೆಯಾಗಿದೆಯೇ, ಫಲಿತಾಂಶವೇನು ಎಂದು ಗ್ರಾಮ ಪಂಚಾಯಿತಿಯನ್ನು ವಿನಯದಿಂದ ಕೇಳಬಹುದು. ಕೇಳುವುದು ಅವಿಧೇಯತೆಯಲ್ಲ, ಪೌರಧರ್ಮ. ನೆಲದ ಮೇಲೆ ನಾವು ಚೆಲ್ಲಿದುದನ್ನು ನಾವು ಮರೆಯುತ್ತೇವೆ, ಬಾವಿ ಮರೆಯುವುದಿಲ್ಲ. ಒಮ್ಮೆ ಕೆಟ್ಟ ಅಂತರ್ಜಲ ತಿಳಿಯಾಗಲು ವರ್ಷಗಳೇ ಬೇಕು. ಆದುದರಿಂದ ನೀರಿನ ರಕ್ಷಣೆ ಬಾವಿಯ ಕಟ್ಟೆಯಿಂದಲ್ಲ, ಹೊಲದ ಬದುವಿನಿಂದಲೇ ಮೊದಲಾಗಬೇಕು.