ಕನ್ನಡಕ್ಕೆ ಒಪ್ಪದ ವ್ಯಾಕರಣ ಪ್ರಶ್ನೆಗಳು

ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆಂದು ಮಕ್ಕಳಿಂದ ಬಾಯಿಪಾಠ ಮಾಡಿಸುವ ಉಪಾಧ್ಯಾಯರು ಇನ್ನೂ ಇದ್ದಾರೆ. ಅದು ಸಂಸ್ಕೃತದ ನಿಯಮ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರಗಳು ಎಂಬಲ್ಲಿ 'ಒಳ್ಳೆಯ' ಎಂಬ ಪದವು ಕದಲಿತೇ? ಕೇಶಿರಾಜನ ನಾಡಿನಲ್ಲಿ ಇದನ್ನು ಹೇಳಬೇಕಾಗಿ ಬಂದುದೇ ಸೋಜಿಗ.

ಕನ್ನಡದಲ್ಲಿ ಹೊಂದಾಣಿಕೆಯನ್ನು ಬಲವಾಗಿ ಬೇಡುವುದು ಸಂಖ್ಯಾವಾಚಕ. ಒಬ್ಬ ಹುಡುಗ, ಒಂದು ಮರ. ಇಬ್ಬರು ಹೆಂಗಸರು, ಎರಡು ಎತ್ತು. ಕಂಬಂ ಕಣಿವೆಯಲ್ಲಿಯೂ ತೇನಿ, ದಿಂಡಿಗಲ್ ಕಡೆಯಲ್ಲಿಯೂ ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಓದುವ ಮಕ್ಕಳನ್ನು ನೆನೆಯಿರಿ. ತಮಿಳಿನ 'ಒರು' ಎಂಬ ಒಂದೇ ಮಾತು ಹುಡುಗನಿಗೂ ಹುಡುಗಿಗೂ ಮರಕ್ಕೂ ಸಲ್ಲುತ್ತದೆ. ಅಂಥ ಮಗು 'ಒಂದು ಹುಡುಗ' ಎಂದು ಬರೆದರೆ ಕೆಂಪು ಶಾಯಿಯ ಗೀಟೆಳೆದು ಸೊನ್ನೆ ಹಾಕುವುದು ಪಾಠವೆನಿಸದು. ಎರಡು ಭಾಷೆಯ ವಾಕ್ಯಗಳನ್ನು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದರೆ ಮಗುವೇ ಭೇದವನ್ನು ಕಂಡುಕೊಳ್ಳುತ್ತದೆ.

ಸರ್ವನಾಮದ ಪ್ರಶ್ನೆಗಳ ಗತಿ ಇನ್ನೂ ಶೋಚನೀಯ. ಇಂಗ್ಲಿಷಿನ 'ಹಿಸ್' ಯಾರನ್ನು ಸೂಚಿಸುತ್ತದೆಂಬುದು ಅಲ್ಲಿ ನಿಜವಾದ ತೊಡಕು. ಆ ಪ್ರಶ್ನೆಯನ್ನು ಹಾಗೆಯೇ ಕನ್ನಡಿಸಿದರೆ ಹುರುಳಿಲ್ಲ. 'ರಾಮನು ಕೃಷ್ಣನಿಗೆ ತನ್ನ ಪುಸ್ತಕವನ್ನು ಕೊಟ್ಟನು' ಎಂದರೆ ಪುಸ್ತಕ ರಾಮನದು. 'ಅವನ ಪುಸ್ತಕ' ಎಂದರೆ ಕೃಷ್ಣನದೋ ಮೂರನೆಯವನದೋ ಆಗಬೇಕು. ನಮ್ಮ ಭಾಷೆ ಬಿಡಿಸಿಟ್ಟ ಗಂಟನ್ನು ಪ್ರಶ್ನೆಪತ್ರಿಕೆ ಮತ್ತೆ ಕಟ್ಟುವುದೇಕೆ?

ನಮ್ಮ ಮುಖ್ಯ ತಕರಾರು ಬೇರೆಯೇ ಇದೆ. 'ಮಗು ಅಳುತ್ತದೆ' ಎಂಬುದರಲ್ಲಿ ವಿವಾದವಿಲ್ಲ. ಬಹುವಚನದಲ್ಲಿ 'ಮಕ್ಕಳು ಅಳುತ್ತವೆ' ಎಂದೂ 'ಮಕ್ಕಳು ಅಳುತ್ತಾರೆ' ಎಂದೂ ಕನ್ನಡಿಗರು ಆಡುತ್ತಾರೆ. ಎರಡು ಮಕ್ಕಳು, ಇಬ್ಬರು ಮಕ್ಕಳು, ಎರಡೂ ಕಿವಿಗೆ ಒಪ್ಪುತ್ತವೆ. 'ಇಬ್ಬರು ಮಕ್ಕಳು ಅಳುತ್ತವೆ' ಎಂದು ಒಂದೇ ವಾಕ್ಯದಲ್ಲಿ ಕಲಸಿದರೆ ನಾವೂ ತಿದ್ದುತ್ತೇವೆ. ಆದರೆ ನಾಲ್ಕು ಉತ್ತರಗಳನ್ನು ಮುಂದಿಟ್ಟು, ಬಳಕೆಯಲ್ಲಿರುವ ಎರಡರಲ್ಲಿ ಒಂದಕ್ಕೆ ಮಾತ್ರ ಅಂಕ ಕೊಟ್ಟರೆ ದಂಡ ತೆರುವವನು ತಾಯಿಯ ಮಾತನ್ನು ಚೆನ್ನಾಗಿ ಕೇಳಿಸಿಕೊಂಡ ವಿದ್ಯಾರ್ಥಿಯೇ. ಒಂದು ಅಂಕಕ್ಕೆ ಕಾಲೇಜಿನ ಸ್ಥಾನ, ನೌಕರಿ ಕೈತಪ್ಪುವ ಕಾಲವಿದು.

ಆದುದರಿಂದ ಪ್ರಶ್ನೆ ತೆಗೆಯುವ ವಿದ್ವಾಂಸರಲ್ಲಿ ನಮ್ಮ ಒತ್ತಾಯವಿಷ್ಟೆ: ಎರಡು ರೂಪಗಳೂ ಸಲ್ಲುವೆಡೆ ಒಂದೇ ಉತ್ತರದ ಪ್ರಶ್ನೆಯನ್ನು ಹಾಕಬೇಡಿ, ಉಳಿದೆಡೆ, ಹುಡುಗರು ಆರಿಸಿದ ಉತ್ತರದ ಕೆಳಗೆ ಕಾರಣವನ್ನು ಬರೆಯಲು ಒಂದು ಸಾಲು ಜಾಗ ಬಿಡಿ, ಆ ಸಾಲಿಗೂ ಅಂಕ ಕೊಡಿ.